ಹೋರಿ ಕುಡಿಯುವ ನೀರನ್ನೂ ನೋಡೋಣ

ಯಾದಗಿರಿಯಲ್ಲಿ ದನ-ಕುರಿ ಸಾಕುವವರು ಮತ್ತು ಪಶುವೈದ್ಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ, ಬೀದರ್‌ನ ಪಶುವೈದ್ಯ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ

ಆಕಳು ಬೆದೆಗೆ ಬರುತ್ತದೆ. ಹೋರಿ ಬಿಡಿಸುತ್ತೀರಿ. ಮೂರು ವಾರಕ್ಕೆ ಮತ್ತೆ ಬೆದೆ. ಮತ್ತೆ ಬಿಡಿಸುತ್ತೀರಿ, ಮತ್ತೆ ಅದೇ ಕಥೆ. ಕೊನೆಗೆ ದವಾಖಾನೆಗೆ ಬಂದು "ಆಕಳ ಗಬ್ಬ ನಿಲ್ಲವಲ್ದು ರೀ, ಏನಾರ ಔಷಧ ಕೊಡ್ರಿ" ಅನ್ನುತ್ತೀರಿ. ನಾವೂ ಆಕಳನ್ನೇ ಪರೀಕ್ಷೆ ಮಾಡುತ್ತೇವೆ. ಔಷಧ ಹಾಕುತ್ತೇವೆ. ಆಗಲೂ ನಿಲ್ಲದಿದ್ದರೆ ಅದಕ್ಕೆ ಬಂಜೆ ಅಂತ ಹೆಸರಿಟ್ಟು ಸಂತೆಗೆ ಹೊಡೆಯುತ್ತೇವೆ. ಇಷ್ಟೆಲ್ಲ ನಡೆಯುವಾಗ ಹೋರಿ ಬಗ್ಗೆ ಒಂದು ಮಾತೂ ಬರುವುದಿಲ್ಲ. ಏರುತ್ತದೆ ಅಲ್ವಾ, ಸಾಕು ಅಂದುಕೊಳ್ಳುತ್ತೇವೆ. ಏರುವ ಹೋರಿಯ ವೀರ್ಯದಲ್ಲಿ ಜೀವ ಇರಬೇಕೆಂದೇನಿಲ್ಲ.

ಇವತ್ತು ನಾನು ಗಂಡಿನ ಬಗ್ಗೆಯೇ ಮಾತಾಡುತ್ತೇನೆ. ಅದರಲ್ಲೂ ಒಂದು ಕಾರಣದ ಬಗ್ಗೆ: ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ. ಇವುಗಳನ್ನು ಭಾರಲೋಹಗಳು ಅನ್ನುತ್ತಾರೆ. ಆರ್ಸೆನಿಕ್ ಪೂರ್ತಿ ಲೋಹವಲ್ಲ, ಆದರೆ ಕೆಲಸ ಅದೇ ರೀತಿ ಇರುವುದರಿಂದ ಇದೇ ಸಾಲಿಗೆ ಸೇರಿಸುತ್ತಾರೆ. ಯಾದಗಿರಿ ಜಿಲ್ಲೆಯಲ್ಲಿ ನಿಂತು ಆರ್ಸೆನಿಕ್ ಬಿಟ್ಟು ಮಾತಾಡಲು ಆಗುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವೃಷಣ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಅದರೊಳಗೆ ತೆಳುವಾದ ನಳಿಕೆಗಳು ಸುತ್ತಿಕೊಂಡಿರುತ್ತವೆ. ವೀರ್ಯಾಣು ಹುಟ್ಟುವುದು ಅಲ್ಲಿ. ಬೆಳೆಯುವ ವೀರ್ಯಾಣುಗಳನ್ನು ಸಾಕುವ ಜೀವಕೋಶಗಳಿಗೆ ಸೆರ್ಟೋಲಿ ಕೋಶ ಅನ್ನುತ್ತಾರೆ. ಅವು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು, ರಕ್ತದಲ್ಲಿರುವ ಬೇಡದ ವಸ್ತು ಒಳಗೆ ಬರದಂತೆ ತಡೆಗೋಡೆ ಕಟ್ಟುತ್ತವೆ. ನಳಿಕೆಗಳ ನಡುವಿನ ಜಾಗದಲ್ಲಿ ಲೇಡಿಗ್ ಕೋಶಗಳಿವೆ. ಗಂಡಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ತಯಾರಾಗುವುದು ಅಲ್ಲಿ. ಲೋಹಗಳು ಈ ಮೂರರ ಮೇಲೂ ಬೀಳುತ್ತವೆ: ಹುಟ್ಟುವ ವೀರ್ಯಾಣು, ಕಾಯುವ ಗೋಡೆ, ಹಾರ್ಮೋನ್.

ನೀವು ಮರೆಯಬಾರದ ಒಂದು ಸಂಗತಿ ಅಂದರೆ ಕಾಲ. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಟಗರಿನಲ್ಲಿ 47ರಿಂದ 49 ದಿನ. ತಯಾರಾದ ಮೇಲೂ ಅದು ಹೊರಗೆ ಬರುವ ಕೊಳವೆಯಲ್ಲಿ ಒಂದೆರಡು ವಾರ ಸಾಗಿ ಬಲಿಯಬೇಕು. ಅಂದರೆ ಇವತ್ತು ವೃಷಣಕ್ಕೆ ಏಟು ಬಿದ್ದರೆ ಇವತ್ತಿನ ವೀರ್ಯ ಚೆನ್ನಾಗಿಯೇ ಕಾಣಬಹುದು. ಕೆಡುಕು ಗೊತ್ತಾಗುವುದು ಎರಡು ತಿಂಗಳಿಗೆ. ಅಷ್ಟರಲ್ಲಿ ಕಾರಣ ಮರೆತು ಹೋಗಿರುತ್ತದೆ. ಯುಗಾದಿ ಹೊತ್ತಿಗೆ ಹೋರಿ ಏನು ನೆಕ್ಕಿತು ಅಂತ ಕಾರಹುಣ್ಣಿಮೆಯಲ್ಲಿ ಯಾರಿಗೆ ನೆನಪಿರುತ್ತದೆ ಹೇಳಿ?

ಈಗ ಕ್ಯಾಡ್ಮಿಯಂ. ನಾನು ಬೀದರ್‌ನಿಂದ ಬಂದವನು. ನಮ್ಮ ಬಿದರಿ ಪಾತ್ರೆಗಳ ಲೋಹದಲ್ಲಿ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಸತುವಿನ ಅದಿರು ಸಿಗುವ ಕಡೆ ಕ್ಯಾಡ್ಮಿಯಂ ಕೂಡ ಸಿಗುತ್ತದೆ. 1817ರಲ್ಲಿ ಜರ್ಮನಿಯ ಸ್ಟ್ರೋಮೈಯರ್ ಅದನ್ನು ಕಂಡುಹಿಡಿದದ್ದೇ ಸತುವಿನ ಸಂಯುಕ್ತವೊಂದರೊಳಗೆ. ಬಿದರಿ ಕೆಲಸವನ್ನು ನಾನು ದೂರುತ್ತಿಲ್ಲ. ಹೇಳಬೇಕಾದದ್ದು ಬೇರೆ. ಈ ಎರಡು ಲೋಹಗಳು ರಸಾಯನದಲ್ಲಿ ಎಷ್ಟು ಹತ್ತಿರ ಅಂದರೆ ದೇಹಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸತು ವೃಷಣಕ್ಕೆ ಬೇಕೇ ಬೇಕು. ಅದನ್ನು ಒಳಗೆ ಸಾಗಿಸಲು ದೇಹ ಇಟ್ಟುಕೊಂಡ ಪ್ರೋಟೀನ್‌ಗಳು ಕ್ಯಾಡ್ಮಿಯಂ ಬಂದರೂ ಎತ್ತಿ ಒಳಗೆ ಹಾಕುತ್ತವೆ.

1950ರ ದಶಕದ ನಡುವೆ ಪ್ರಾಗ್ ನಗರದಲ್ಲಿ ಪಾರಿಜೆಕ್ ಎಂಬ ವಿಜ್ಞಾನಿ ಇಲಿಗಳಿಗೆ ಕ್ಯಾಡ್ಮಿಯಂ ಲವಣವನ್ನು ತೀರಾ ಸಣ್ಣ ಪ್ರಮಾಣದಲ್ಲಿ, ಒಂದೇ ಒಂದು ಸಲ ಚುಚ್ಚಿದರು. ಬೇರೆ ಅಂಗಗಳಿಗೆ ಅಂಥ ತೊಂದರೆ ಕಾಣಲಿಲ್ಲ. ವೃಷಣಗಳು ಮಾತ್ರ ಊದಿ, ರಕ್ತ ಸೋರಿ, ಕೆಲವೇ ದಿನಗಳಲ್ಲಿ ಸತ್ತು ಸುಕ್ಕಾದವು. ಅಲ್ಲಿಯ ರಕ್ತನಾಳಗಳೇ ಮೊದಲು ಒಡೆಯುತ್ತವೆ ಅಂತ ಆಮೇಲೆ ತಿಳಿಯಿತು. ಪಾರಿಜೆಕ್ ಇನ್ನೊಂದು ಕೆಲಸ ಮಾಡಿದರು. ಕ್ಯಾಡ್ಮಿಯಂ ಜೊತೆಗೆ ಸತುವನ್ನು ಜಾಸ್ತಿ ಕೊಟ್ಟರು. ಆ ಇಲಿಗಳ ವೃಷಣ ಉಳಿಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಪ್ರಯೋಗವನ್ನು ಪ್ರತಿ ವರ್ಷ ಹೇಳುತ್ತೇನೆ. ಹಾನಿ, ರಕ್ಷಣೆ ಎರಡನ್ನೂ ಒಟ್ಟಿಗೆ ತೋರಿಸಿದ ಪ್ರಯೋಗ ಅದು.

ಇನ್ನೊಂದು ವಿಚಿತ್ರ. ಎಲ್ಲ ಚಿಟ್ಟಿಲಿ ತಳಿಗಳಿಗೂ ಹೀಗಾಗುವುದಿಲ್ಲ. ಕೆಲವು ತಳಿಗಳಿಗೆ ಅಷ್ಟೇ ಕ್ಯಾಡ್ಮಿಯಂ ಕೊಟ್ಟರೂ ವೃಷಣ ಆರಾಮಾಗಿ ಇರುತ್ತದೆ. ಯಾಕೆ ಅಂತ ದಶಕಗಟ್ಟಲೆ ಹುಡುಕಿದರು. 2005ರಲ್ಲಿ ಉತ್ತರ ಸಿಕ್ಕಿತು. ಜಿಪ್8 ಎಂಬ ಸಾಗಣೆ ಪ್ರೋಟೀನ್ ಇದೆ. ಸೋಲುವ ತಳಿಗಳಲ್ಲಿ ಅದು ವೃಷಣದ ರಕ್ತನಾಳಗಳಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಗೆಲ್ಲುವ ತಳಿಗಳಲ್ಲಿ ಮಾಡುವುದಿಲ್ಲ. ಆದ್ದರಿಂದ ಇಲಿಗೆ ಆದದ್ದು ದೇವಣಿ ಹೋರಿಗೂ ಹಾಗೇ, ಅಷ್ಟೇ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಾಣಿಯಿಂದ ಪ್ರಾಣಿಗೆ, ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಚುಚ್ಚಿದ ಕ್ಯಾಡ್ಮಿಯಂ ಬೇರೆ, ಮೇವಿನ ಜೊತೆ ಹೋದದ್ದು ಬೇರೆ. ತಿಂದದ್ದರಲ್ಲಿ ನೂರಕ್ಕೆ ಕೆಲವೇ ಭಾಗ ರಕ್ತಕ್ಕೆ ಸೇರುತ್ತದೆ. ಆದರೆ ಸೇರಿದ್ದು ಬೇಗ ಹೊರಗೆ ಹೋಗುವುದಿಲ್ಲ. ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂರುತ್ತದೆ.

ಹಾಗಾದರೆ ನಮ್ಮ ದೊಡ್ಡಿಗೆ ಅದು ಎಲ್ಲಿಂದ ಬರುತ್ತದೆ? ರಂಜಕದ ಗೊಬ್ಬರ ಮಾಡುವ ಕಲ್ಲಿನಲ್ಲೇ ಅಷ್ಟಿಷ್ಟು ಕ್ಯಾಡ್ಮಿಯಂ ಇರುತ್ತದೆ. ಅದು ಹೊಲಕ್ಕೆ, ಹೊಲದಿಂದ ಮೇವಿಗೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ಗೊಬ್ಬರ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಖಾಲಿಯಾದ ಗೊಬ್ಬರದ ಚೀಲದಲ್ಲಿ ಹಿಂಡಿ, ತೊಗರಿ ಹೊಟ್ಟು ತುಂಬಿಡುತ್ತೀರಲ್ಲ, ಅದನ್ನು ದಯವಿಟ್ಟು ಬಿಡಿ. ದನಗಳು ಆ ಚೀಲವನ್ನೂ ನೆಕ್ಕುತ್ತವೆ.

ದೇಹದಲ್ಲಿ ಸತು, ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇದ್ದರೆ ಕರುಳು ಕ್ಯಾಡ್ಮಿಯಂ, ಸೀಸಗಳನ್ನು ಹೆಚ್ಚು ಹೀರುತ್ತದೆ. ಕರ್ನಾಟಕದ ಹೊಲಗಳಲ್ಲಿ ಸತುವಿನ ಕೊರತೆ ವ್ಯಾಪಕ ಅಂತ 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ತೋರಿಸಿವೆ. ಸುಣ್ಣದಂಶ ಜಾಸ್ತಿ ಇರುವ ನಮ್ಮ ಕಪ್ಪು ನೆಲದಲ್ಲಿ ಇದ್ದ ಸತುವೂ ಬೆಳೆಗೆ ಸುಲಭವಾಗಿ ಸಿಗುವುದಿಲ್ಲ. ಅದೇ ಹೊಲದ ಕಣಕಿಯನ್ನೇ ನಮ್ಮ ಹೋರಿ ವರ್ಷವಿಡೀ ತಿನ್ನುತ್ತದೆ.

ಕೊರತೆ ಇದ್ದರೆ ಗೊತ್ತಾಗುತ್ತದಲ್ಲ ಅನ್ನಬೇಡಿ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಟಗರುಮರಿಗಳ ಮೇಲೆ ನಡೆದ ಅಧ್ಯಯನ ಒಂದಿದೆ. ಕಿಲೋ ಮೇವಿಗೆ 17 ಮಿಲಿಗ್ರಾಂ ಸತು ಇದ್ದಾಗ ಮರಿಗಳ ಮೈ ಚೆನ್ನಾಗಿ ಬೆಳೆಯಿತು, ತೂಕ ಬಂತು. ವೃಷಣ ಮಾತ್ರ ಸರಿಯಾಗಿ ಬೆಳೆಯಲಿಲ್ಲ, ವೀರ್ಯಾಣು ತಯಾರಾಗಲಿಲ್ಲ. ಸುಮಾರು 32 ಮಿಲಿಗ್ರಾಂ ಕೊಟ್ಟ ಮರಿಗಳಲ್ಲಿ ಎಲ್ಲ ಸರಿ ಇತ್ತು. ಸಂತೆಯಲ್ಲಿ ನಾವು ಟಗರಿನ ಬೆನ್ನು ಮುಟ್ಟಿ, ಕೊಂಬು ನೋಡಿ ಬೆಲೆ ಕಟ್ಟುತ್ತೇವೆ. ಈ ಕೊರತೆ ಅಲ್ಲಿ ಕಾಣುವುದೇ ಇಲ್ಲ.

ಸೀಸಕ್ಕೆ ಬರೋಣ. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಅದು ದೊಡ್ಡ ಕೆಲಸವೇ. ಆದರೆ ದನಗಳಿಗೆ ಸೀಸ ಸಿಗುವ ಮುಖ್ಯ ದಾರಿ ಹೊಗೆಯಲ್ಲ, ಹಳೆ ಬ್ಯಾಟರಿ. ಟ್ರ್ಯಾಕ್ಟರಿನದು, ಸೋಲಾರಿನದು, ಇನ್ವರ್ಟರಿನದು. ಕೆಟ್ಟ ಮೇಲೆ ಗೋಡೆ ಬದಿಗೆ ಎಸೆಯುತ್ತೇವೆ. ಒಡೆದ ಬ್ಯಾಟರಿಯೊಳಗಿನ ಬೂದುಬಣ್ಣದ ಪುಡಿಯನ್ನು ದನ ನೆಕ್ಕುತ್ತದೆ. ಸೀಸದ ಕೆಲವು ಲವಣಗಳಿಗೆ ಸಿಹಿ ರುಚಿಯೂ ಇದೆ. ರಂಜಕದ ಕೊರತೆ ಇರುವ ದನ ಮೊದಲೇ ಎಲುಬು, ಮಣ್ಣು, ಪ್ಲಾಸ್ಟಿಕ್ ಅಂತ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತಿರುತ್ತದೆ. ಸೀಸದ ಚೂರು ಭಾರ ಇರುವುದರಿಂದ ಎರಡನೇ ಹೊಟ್ಟೆಯಲ್ಲಿ, ಮೊಳೆ-ತಂತಿ ಸಿಕ್ಕಿಕೊಳ್ಳುವ ಜಾಗದಲ್ಲೇ, ಕೂತುಬಿಡುತ್ತದೆ. ಅಲ್ಲಿಂದ ನಿಧಾನವಾಗಿ ಕರಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಎಲುಬಿಗೆ. ದೇಹ ಸೀಸವನ್ನು ಸುಣ್ಣದಂಶ ಅಂತಲೇ ತಿಳಿದು ಎಲುಬಿನಲ್ಲಿ ಜೋಡಿಸುತ್ತದೆ.

ಒಮ್ಮೆಗೇ ಜಾಸ್ತಿ ತಿಂದ ದನಕ್ಕೆ ಕಣ್ಣು ಕಾಣದೆ, ತಲೆಯನ್ನು ಗೋಡೆಗೆ ಒತ್ತಿ ನಿಂತು, ಹಲ್ಲು ಕಡಿದು ಸಾಯುವುದನ್ನು ಹಿರಿಯರು ನೋಡಿರಬಹುದು. ಅದು ಎಲ್ಲರಿಗೂ ಕಾಣುವ ರೋಗ. ಸ್ವಲ್ಪ ಸ್ವಲ್ಪವೇ ತಿಂದ ಹೋರಿಯಲ್ಲಿ ಹೊರಗೆ ಏನೂ ಕಾಣುವುದಿಲ್ಲ. ವೃಷಣಕ್ಕೆ ಆದೇಶ ಕೊಡುವ ಮಿದುಳಿನ ಹಾರ್ಮೋನ್‌ಗಳನ್ನೇ ಸೀಸ ಏರುಪೇರು ಮಾಡುತ್ತದೆ ಅಂತ ಇಲಿಗಳ ಪ್ರಯೋಗಗಳು ತೋರಿಸಿವೆ. ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಇದರ ಮೇಲೆ ವೀರ್ಯಾಣುವಿನ ತಲೆಗೂ ಕೈ ಹಾಕುತ್ತದೆ. ವೀರ್ಯಾಣುವಿನ ತಲೆಯಲ್ಲಿ ವಂಶವಾಹಿ ಎಳೆಯನ್ನು, ನಾವು ಕಣಕಿ ಸಿವುಡು ಕಟ್ಟುವ ಹಾಗೆ, ಪ್ರೋಟಮೈನ್ ಎಂಬ ಪ್ರೋಟೀನ್ ಬಿಗಿದು ಕಟ್ಟಿರುತ್ತದೆ. ಆ ಕಟ್ಟು ನಿಲ್ಲಲು ಸತು ಬೇಕು. ಸೀಸ ಸತುವಿನ ಜಾಗ ಹಿಡಿಯುತ್ತದೆ. ಕಟ್ಟು ಹದ ತಪ್ಪುತ್ತದೆ, ಒಳಗಿನ ಎಳೆ ಹರಿಯುವ ಅಪಾಯ ಹೆಚ್ಚುತ್ತದೆ. ಇಂಥ ವೀರ್ಯಾಣು ಸೂಕ್ಷ್ಮದರ್ಶಕದಲ್ಲಿ ಈಜುತ್ತಲೇ ಇರಬಹುದು. ಗಬ್ಬ ನಿಂತರೂ ಭ್ರೂಣ ಮೊದಲ ವಾರಗಳಲ್ಲೇ ಸಾಯಬಹುದು. ಆಗಲೂ ದೂರು ಬರುವುದು ಆಕಳ ಮೇಲೆ.

ಕಾರಹುಣ್ಣಿಮೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಕೊಂಬಿಗೆ ಬಣ್ಣ ಬಳಿಯುವುದು ನಮ್ಮ ಸಂತೋಷ, ಅದು ಇರಲಿ. ಆದರೆ ಕಬ್ಬಿಣದ ಗೇಟಿಗೆ ಹೊಡೆದು ಉಳಿದ ಆಯಿಲ್ ಪೇಂಟ್ ಬೇಡ. ಎದ್ದು ಕಾಣುವ ಹಳದಿ, ಕೇಸರಿ ಬಣ್ಣಗಳಿಗೆ ಸೀಸದ ಕ್ರೋಮೇಟ್ ಬಳಸುವ ರೂಢಿ ಬಹಳ ಹಳೆಯದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕಾರ್ಖಾನೆ ಬಳಕೆಯ ಬಣ್ಣಕ್ಕೆ ಆ ನಿಯಮ ಇಲ್ಲ. ದನಗಳು ಒಂದನ್ನೊಂದು ನೆಕ್ಕುತ್ತವೆ. ಕೆಮ್ಮಣ್ಣು ಇದೆ, ಸುಣ್ಣ ಇದೆ, ಅರಿಶಿನ ಇದೆ. ಅವೂ ಚೆಂದವೇ ಕಾಣುತ್ತವೆ.

ಈಗ ಆರ್ಸೆನಿಕ್. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅಲ್ಲಿಯ ಜನರ ಅಂಗೈ, ಅಂಗಾಲು, ಮೈಮೇಲೆ ಆದ ಗಂಟು, ಕಲೆಗಳಿಗೆ ಬೋರ್‌ವೆಲ್ ನೀರಿನ ಆರ್ಸೆನಿಕ್ ಕಾರಣ ಎಂದು ಸಂಶೋಧಕರು ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ಅದು ಮಂಗಳೂರು ಚಿನ್ನದ ಗಣಿ ಇದ್ದ ಶಿಲಾಪಟ್ಟಿ. ಕರಾವಳಿಯ ಮಂಗಳೂರಲ್ಲ, ನಮ್ಮದೇ ಮಂಗಳೂರು. ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಖನಿಜವೂ ಇರುವುದು ಸಾಮಾನ್ಯ. ಆ ಕಲ್ಲಿನ ಬಿರುಕಿನಿಂದ ಬರುವ ನೀರಿಗೆ ಅದು ಇಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟು ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಸೋಡಿಯಂ ಆರ್ಸೆನೈಟ್ ಬೆರೆಸಿದ ನೀರು ಕುಡಿದ ಗಂಡು ಇಲಿಗಳಲ್ಲಿ ವೃಷಣದ ತೂಕ, ವೀರ್ಯಾಣುಗಳ ಸಂಖ್ಯೆ, ಟೆಸ್ಟೋಸ್ಟೆರಾನ್ ಮೂರೂ ಇಳಿದದ್ದನ್ನು ಹಲವು ಪ್ರಯೋಗಾಲಯಗಳು ಕಂಡಿವೆ. ನಮ್ಮ ದೇಶದಲ್ಲಿ ಈ ಕೆಲಸ ಬಂಗಾಳದಲ್ಲಿ ಬಹಳ ನಡೆದಿದೆ, ಅಲ್ಲಿಯ ನೀರಿನ ಕಷ್ಟ ಅಂಥದು. ಹಾರ್ಮೋನ್ ತಯಾರಿಸುವ ಕಿಣ್ವಗಳನ್ನು ಆರ್ಸೆನಿಕ್ ಕುಗ್ಗಿಸುತ್ತದೆ. ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವಂಥ ಕೊಬ್ಬು ಜಾಸ್ತಿ. ಲೋಹಗಳಿಂದ ಹುಟ್ಟುವ ಚುರುಕು ಆಮ್ಲಜನಕದ ಅಣುಗಳು ಆ ಪೊರೆಯನ್ನು ಸುಡುತ್ತವೆ. ಬೇರೆ ಜೀವಕೋಶ ಆದರೆ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ. ವೀರ್ಯಾಣುವಿಗೆ ಆ ಸೌಕರ್ಯ ಬಹಳ ಕಡಿಮೆ.

ನೀವೇ ಒಂದು ಲೆಕ್ಕ ಹಾಕಿ. 60 ಕಿಲೋ ತೂಕದ ಮನುಷ್ಯ ದಿನಕ್ಕೆ ಮೂರು ಲೀಟರ್ ನೀರು ಕುಡಿಯುತ್ತಾನೆ ಅನ್ನಿ. 350 ಕಿಲೋ ತೂಕದ ಹೋರಿ ಬಿಸಿಲಲ್ಲಿ 50 ಲೀಟರ್ ಕುಡಿಯುತ್ತದೆ. ಕಿಲೋ ತೂಕಕ್ಕೆ ಭಾಗಿಸಿದರೆ ಹೋರಿ ನಮ್ಮ ಸುಮಾರು ಮೂರು ಪಟ್ಟು ನೀರು ಕುಡಿಯುತ್ತದೆ. ನೀರಿನಲ್ಲಿ ಇದ್ದದ್ದೂ ಅಷ್ಟೇ ಪಟ್ಟು ಹೋಗುತ್ತದೆ. ಆದರೆ ಮಿತಿಗಳನ್ನು ನೋಡಿ. ಮನುಷ್ಯರ ನೀರಿಗೆ ಲೀಟರಿಗೆ 10 ಮೈಕ್ರೋಗ್ರಾಂ ಆರ್ಸೆನಿಕ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಯಲ್ಲಿ ದನಗಳ ನೀರಿಗೆ 200. ಇಪ್ಪತ್ತು ಪಟ್ಟು ಸಡಿಲ. ಊರಿನ ನೂರಾರು ಆಕಳು ನೆಚ್ಚಿಕೊಂಡ ಬೀಜದ ಹೋರಿಗೆ ಈ ಸಡಿಲ ಮಿತಿ ಸಾಕು ಅಂತ ನನಗೆ ಅನ್ನಿಸುವುದಿಲ್ಲ. ನೀವು ಕುಡಿಯದ ನೀರನ್ನು ಅದಕ್ಕೂ ಕುಡಿಸಬೇಡಿ.

ಪಾದರಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ದನಗಳಿಗಿಂತ ಮೀನು, ಮೀನು ತಿನ್ನುವ ಹಕ್ಕಿಗಳಿಗೆ ಅದರ ಕಾಟ ಹೆಚ್ಚು. ಒಂದು ಅಧ್ಯಯನ ಮಾತ್ರ ಹೇಳಿಬಿಡುತ್ತೇನೆ. ಅಮೆರಿಕದ ಫ್ಲಾರಿಡಾದಲ್ಲಿ ಬಿಳಿ ಐಬಿಸ್ ಅಂತ ಹಕ್ಕಿ ಇದೆ, ನಮ್ಮ ಕೆರೆಗಳ ಕೆಂಬರಲುಗಳ ಬಳಗ. ಮರಿಗಳಿಂದಲೇ ಅವನ್ನು ಸಾಕಿ, ಮೂರು ವರ್ಷ ಆಹಾರದಲ್ಲಿ ಮಿಥೈಲ್ ಪಾದರಸವನ್ನು ಹೊರಗಿನ ಪರಿಸರದಲ್ಲಿ ಸಿಗುವಷ್ಟೇ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಒಂದೂ ರೋಗದಿಂದ ನರಳಲಿಲ್ಲ. ಆದರೆ ಗಂಡುಗಳು ಹೆಣ್ಣಿನ ಮುಂದೆ ತಲೆ ಬಾಗಿಸಿ ತೋರಿಸುವ ಸಂಭ್ರಮ ಕಡಿಮೆಯಾಯಿತು. ಹಲವು ಗಂಡುಗಳು ಗಂಡಿನ ಜೊತೆಗೇ ಗೂಡು ಕಟ್ಟಿದವು. ಒಟ್ಟು ಮರಿಗಳ ಸಂಖ್ಯೆ ಇಳಿಯಿತು. ಅಂದರೆ ವೀರ್ಯಾಣು ಎಣಿಸಿದರಷ್ಟೇ ಸಾಲದು, ಗಂಡಿನ ನಡವಳಿಕೆಯನ್ನೂ ನೋಡಬೇಕು.

ಭೀಮಾ ದಂಡೆಯವರು ಇಲ್ಲಿದ್ದೀರಿ, ಮೀನಿನ ಮಾತೂ ಆಡಬೇಕು. ರೋಹು, ಕಾಟ್ಲಾ ಮೀನಿನ ವೀರ್ಯಾಣು ನೀರು ತಾಗಿದ ಮೇಲೆಯೇ ಈಜಲು ಶುರುಮಾಡುತ್ತದೆ. ಒಂದೆರಡು ನಿಮಿಷದೊಳಗೆ ಅದರ ಶಕ್ತಿ ಮುಗಿಯುತ್ತದೆ. ಆ ನೀರಿನಲ್ಲೇ ಲೋಹ ಇದ್ದರೆ ಅದಕ್ಕೆ ತಡೆಗೋಡೆ ಅನ್ನುವುದೇ ಇಲ್ಲ, ನೇರ ಪೆಟ್ಟು.

ಇಷ್ಟು ಕೇಳಿ ಹೆದರಬೇಡಿ. ಚೆನ್ನೈನ ವಿಜ್ಞಾನಿಗಳು ನಮ್ಮ ಗುಡಿಗಳ ಹತ್ತಿರ ಕಾಣುವ ಬಾನೆಟ್ ಕೋತಿಗಳಿಗೆ ಆರು ತಿಂಗಳು ಕ್ರೋಮಿಯಂ ನೀರು ಕುಡಿಸಿ ನೋಡಿದರು. ತೊಗಲು ಹದ ಮಾಡುವ ಕಾರ್ಖಾನೆಗಳ ನೀರಿನಲ್ಲಿ ಬರುವ ಲೋಹ ಅದು. ವೀರ್ಯಾಣುಗಳ ಸಂಖ್ಯೆ, ಓಟ ಎರಡೂ ಇಳಿದವು. ಆಮೇಲೆ ಒಳ್ಳೆ ನೀರು ಕೊಟ್ಟರು. ಇನ್ನಾರು ತಿಂಗಳಲ್ಲಿ ವೀರ್ಯ ಮೊದಲಿನಂತಾಯಿತು. ವೃಷಣದ ಮೂಲ ಕೋಶಗಳು ಉಳಿದಿದ್ದರೆ ಹೊಸ ವೀರ್ಯಾಣು ಹುಟ್ಟುತ್ತದೆ. ಆರ್ಸೆನಿಕ್ ಕೂಡ ಹಾಗೆಯೇ, ನೀರು ಬದಲಿಸಿದರೆ ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಸೀಸ ಹಾಗಲ್ಲ, ಎಲುಬಿನಿಂದ ವರ್ಷಗಟ್ಟಲೆ ರಕ್ತಕ್ಕೆ ಮರಳುತ್ತಿರುತ್ತದೆ. ಕ್ಯಾಡ್ಮಿಯಂ ಅಂತೂ ಹೋಗುವುದೇ ಕಷ್ಟ. ಅದಕ್ಕೇ ಆ ಎರಡನ್ನು ಒಳಗೆ ಬಿಡದಿರುವುದೇ ಚಿಕಿತ್ಸೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ವೀರ್ಯ ಕೆಟ್ಟಿದೆ ಅಂದ ತಕ್ಷಣ ಲೋಹ ಅಂತ ಬರೆಯಬೇಡಿ. ವೃಷಣ ಮೈಗಿಂತ ಕೆಲವು ಡಿಗ್ರಿ ತಂಪಾಗಿ ಇರಬೇಕು. ಕಲಬುರಗಿ, ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ನೆರಳಿಲ್ಲದೆ ಕಟ್ಟಿದ ಹೋರಿಯ ವೀರ್ಯ ಬರೀ ಬಿಸಿಲಿಗೇ ಕೆಡುತ್ತದೆ. ಬ್ರುಸೆಲ್ಲಾ ರೋಗಕ್ಕೂ ವೃಷಣ ಊದುತ್ತದೆ. ಮೊದಲು ಅವನ್ನು ನೋಡಿ. ಟೇಪಿನಿಂದ ವೃಷಣಚೀಲದ ಸುತ್ತಳತೆ ಅಳೆಯಿರಿ, ವೀರ್ಯಾಣುಗಳ ಓಟ, ತಲೆ, ಬಾಲ ನೋಡಿ. ಆಮೇಲೆ ದೊಡ್ಡಿಯ ಸುತ್ತ ಒಂದು ಸುತ್ತು ಹಾಕಿ. ನೀರು ಎಲ್ಲಿಯದು, ಗುಜರಿ ಎಲ್ಲಿದೆ, ಹಿಂಡಿ ಯಾವ ಚೀಲದಲ್ಲಿದೆ ಅಂತ ನಿಮ್ಮ ಕಣ್ಣಿನಿಂದಲೇ ನೋಡಿ.

ನೀರಿನ ಪರೀಕ್ಷೆಗೆ ಕೊಡುವಾಗ ಬೋರ್‌ವೆಲ್ ಕೆಲವು ನಿಮಿಷ ಓಡಿಸಿ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಸುಮ್ನೆ "ನೀರು ಟೆಸ್ಟ್ ಮಾಡ್ರಿ" ಅಂದರೆ ಫ್ಲೋರೈಡ್, ಗಡಸುತನ ಇಷ್ಟೇ ನೋಡಿ ಕೊಡಬಹುದು. ಆರ್ಸೆನಿಕ್ ನೋಡಬೇಕು ಅಂತ ಬಾಯಿಬಿಟ್ಟು ಕೇಳಿ, ಚೀಟಿಯಲ್ಲಿ ಬರೆಸಿ.

ಒಬ್ಬ ತಾಯಿ ಖನಿಜ ಮಿಶ್ರಣ ಕೊಟ್ಟರೆ ಸಾಕಾ ಅಂತ ಕೇಳಿದರು. ಸತು ಇರುವ ಮಿಶ್ರಣವನ್ನು ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂನಷ್ಟು ಕೊಡಿ ತಾಯಿ, ಒಳ್ಳೆಯದೇ. ಆದರೆ ಒಂದು ಕಡೆ ಬ್ಯಾಟರಿ ನೆಕ್ಕಲು ಬಿಟ್ಟು ಇನ್ನೊಂದು ಕಡೆ ಸತು ಕೊಟ್ಟರೆ ಉಪಯೋಗ ಇಲ್ಲ. ಮತ್ತೆ, ದನದ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿ ತಾಮ್ರ ಇರುತ್ತದೆ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯುವುದಿಲ್ಲ. ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ತುಂಬಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಸಾಯುತ್ತದೆ. ಕುರಿಗೆ ಕುರಿಯದೇ ಮಿಶ್ರಣ ಕೇಳಿ ತನ್ನಿ.

ಹಿಂದೆ ಕೂತಿರುವ ಕಾಕಾ, ನೀವು ಟಗರಿನ ಬಗ್ಗೆ ಕೇಳಿದ್ದು ಸರಿಯಾದ ಪ್ರಶ್ನೆ. ಕುರಿ ಹಿಂಡಿಗೆ ಟಗರು ಬಿಡುವ ತಿಂಗಳು ನಿಮಗೆ ಮೊದಲೇ ಗೊತ್ತಿರುತ್ತದೆ. ಅಲ್ಲಿಂದ ಹಿಂದಕ್ಕೆ ಎರಡೂವರೆ ತಿಂಗಳು ಎಣಿಸಿ. ಆ ದಿನದಿಂದ ಟಗರಿಗೆ ಒಳ್ಳೆ ನೀರು, ನೆರಳು, ಕುರಿಯ ಖನಿಜ ಮಿಶ್ರಣ ಶುರುಮಾಡಿ. ಹೊಸ ಟಗರು ತರುವುದಿದ್ದರೂ ಆಗಲೇ ತನ್ನಿ. ಹಿಂದಿನ ಊರಲ್ಲಿ ಅದು ಏನು ಕುಡಿಯಿತು, ಏನು ನೆಕ್ಕಿತು ನಮಗೆ ಗೊತ್ತಿರುವುದಿಲ್ಲ. ನಿಮ್ಮ ನೀರು ಕುಡಿದು ತಯಾರಾದ ಹೊಸ ವೀರ್ಯ ಬರುವ ಹೊತ್ತಿಗೆ ದವಾಖಾನೆಗೆ ಹೊಡಕೊಂಡು ಬನ್ನಿ, ಪರೀಕ್ಷೆ ಮಾಡಿ ಹೇಳುತ್ತೇವೆ. ಆಮೇಲೆ ಹಿಂಡಿಗೆ ಬಿಡಿ.